ಹುಟ್ಟಿದ ದಿನ: ಗೊತ್ತಿಲ್ಲ

ದೀಪ ಸ್ವಲ್ಪ ಸಣ್ಣ ಮಾಡಿ... ಆರಿಸಬೇಡಿ, ಸಣ್ಣ ಮಾಡಿದರೆ ಸಾಕು. ಇದನ್ನು ಹೇಳುವಾಗ ನನಗೆ ಪೂರ್ತಿ ಕತ್ತಲೆ ಆಗಿಬರುವುದಿಲ್ಲ. ಹೆದರಿಕೆ ಅಂತಲ್ಲ. ಸಿಟ್ಟು ಬರುತ್ತದೆ. ಸಿಟ್ಟಿನಲ್ಲಿ ಎದ್ದು ಓಡಾಡುತ್ತೇನೆ, ಕತ್ತಲೆಯಲ್ಲಿ ಯಾರ ಕಾಲನ್ನಾದರೂ ತುಳಿದೇನು.

ಆದದ್ದು ನನ್ನ ದೊಡ್ಡಮ್ಮನ ಮಗಳಿಗೆ. ಮನೆಯಲ್ಲೂ ಆಫೀಸಿನಲ್ಲೂ ಅವಳನ್ನು ಕಡ್ಡಿ ಅಂತಲೇ ಕರೆಯುವುದು. ಸಣಕಲಿ ಅಂದುಕೊಂಡೀರಿ, ಅಲ್ಲ, ಬಾಗಿಲ ತುಂಬ ಇದ್ದಾಳೆ. ಮಾತು ಕಡ್ಡಿ ಮುರಿದ ಹಾಗೆ, ಅದಕ್ಕೆ ಆ ಹೆಸರು. ಅಂಥವಳು ಸುಳ್ಳು ಕಟ್ಟುತ್ತಾಳೆ ಅಂತ ಯಾರಾದರೂ ಹೇಳುವುದಾದರೆ ಈಗಲೇ ಹೇಳಿ ಎದ್ದು ಹೋಗಿ. ಅರ್ಧದಲ್ಲಿ ನಗಬೇಡಿ.

ಆವತ್ತು ರಾತ್ರಿ ಹನ್ನೊಂದೂಮುಕ್ಕಾಲು. ಕಡ್ಡಿ ಆಫೀಸು ಮುಗಿಸಿ ಮನೆಗೆ ಬರುತ್ತಿದ್ದಳು. ಬಸ್ಸಿಳಿದು, ಔಷಧಿ ಅಂಗಡಿ ದಾಟಿದರೆ ಒಂದು ಉದ್ದನೆಯ ಓಣಿ. ಓಣಿಯ ಮಧ್ಯದಲ್ಲಿ ಬಾವಿ. ಹಳೇ ಬಾವಿ, ನೀರು ಬತ್ತಿ ಯಾವ ಕಾಲವೋ ಆಯಿತು. ಜನ ಕಸ ಸುರಿಯುತ್ತಾರೆ ಅಂತ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ದಿನಾ ಅದರ ಪಕ್ಕದಲ್ಲೇ ಓಡಾಡುವವಳು, ಒಂದು ದಿನವೂ ಅದರ ಕಡೆ ತಿರುಗಿ ನೋಡಿದವಳಲ್ಲ.

ಚಪ್ಪಲಿಯ ಸದ್ದು ಚಟ್... ಚಟ್... ಚಟ್. ಎಲ್ಲೋ ಒಂದು ಮನೆಯಲ್ಲಿ ಫ್ಯಾನು ಕಿರ್ರ್ ಅನ್ನುತ್ತಿತ್ತು. ಆಮೇಲೆ ಇನ್ನೊಂದು ಸದ್ದು.

ಗುಳುಗುಳು... ಗುಳುಗುಳು... ಗುಳು.

ಕಡ್ಡಿ ನಿಂತಳು. ಸದ್ದೂ ನಿಂತಿತು.

ಎರಡು ಹೆಜ್ಜೆ ಇಟ್ಟಳು. ಗುಳುಗುಳು... ಗುಳುಗುಳು.

ಆ ಸದ್ದು ಏನು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕೆಲಸ ಮಾಡುವ ಕಂಪನಿ ಮನೆಮನೆಗೆ ಆಕ್ಸಿಜನ್ ಸಿಲಿಂಡರ್ ಕಳಿಸುವಂಥದ್ದು. ಉಸಿರಾಟದ ತೊಂದರೆ ಇದ್ದವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಸಿಲಿಂಡರ್ ಹಚ್ಚಿಕೊಂಡೇ ಮಲಗಿರುತ್ತಾರಲ್ಲ, ಅವರಿಗೆ. ಮೂಗು ಒಣಗಬಾರದು ಅಂತ ಆ ಗಾಳಿಯನ್ನು ಒಂದು ಸಣ್ಣ ನೀರಿನ ಬಾಟಲಿಯೊಳಗಿಂದ ಹಾಯಿಸುತ್ತಾರೆ. ಆ ಬಾಟಲಿಯಲ್ಲಿ ಏಳುವ ಗುಳ್ಳೆಯ ಸದ್ದು ಅದು. ಬೇರೆ ಯಾವ ನೀರೂ ಹಾಗೆ ಸದ್ದು ಮಾಡುವುದಿಲ್ಲ.

ಬತ್ತಿದ ಬಾವಿಯೊಳಗಿಂದ ಅದು ಬರುತ್ತಿತ್ತು.

"ಯಾರ್ರೀ ಅಲ್ಲಿ?" ಅಂದಳು. ಜೋರಾಗಿ ಅನ್ನಬೇಕು ಅಂತಿದ್ದಳು, ಪಿಸುಮಾತಾಗಿ ಬಂತು.

ಆಮೇಲೆ ಒಂದು ಹೆಂಗಸಿನ ದನಿ. ವಯಸ್ಸಾದ ದನಿ, ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತ...

"ನನಗೇ ಗೊತ್ತಿಲ್ವಲ್ಲ ಮಗಾ... ಗೊತ್ತಿಲ್ಲದ್ದನ್ನ... ಹೇಗೆ ಹೇಳ್ಲಿ..."

ಫೋನಿನ ದೀಪ ಹಾಕಿ ನೋಡಿದಳು. ಜಾಲರಿ, ಬೀಗ, ಜಾಲರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ಕೆಳಗೆ ಒಣ ಮಣ್ಣು. ಯಾರೂ ಇಲ್ಲ. ಕಡ್ಡಿ ಓಡಲಿಲ್ಲ, ಅವಳು ಓಡುವವಳಲ್ಲ. ಆದರೆ ಮನೆ ತಲುಪಿದಾಗ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ ಅಂತ ದೊಡ್ಡಮ್ಮ ಹೇಳುತ್ತಾಳೆ.

"ನೀರಿಲ್ಲದ ಬಾವೀಲಿ ಎಂಥದೇ ಗುಳುಗುಳು?" ಅಂದಳು ದೊಡ್ಡಮ್ಮ. "ನಿನ್ನ ಹೊಟ್ಟೆ ಕೂಗಿರ್ಬೇಕು. ಮಧ್ಯಾಹ್ನ ಡಬ್ಬಿ ಹಾಗೇ ವಾಪಸ್ ತಂದಿದೀಯ. ಕೂತ್ಕೊ, ಬಡಿಸ್ತೀನಿ."

ಅಷ್ಟೇ ಆಗಿದ್ದರೆ ಇದು ಕತೆಯೇ ಅಲ್ಲ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆಫೀಸಿಗೆ ಒಬ್ಬ ಟೈಲರ್ ಬಂದ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ತೆಗೆಯಬೇಕು ಅಂತ ಅವನಿಗೆ ಹೊಳೆದೇ ಇಲ್ಲ. ಹೆಗಲ ಮೇಲೆ ಖಾಲಿ ಸಿಲಿಂಡರ್. ನೀರಿನ ಬಾಟಲಿ, ನಳಿಗೆ, ಎಲ್ಲ ಅದಕ್ಕೇ ಸುತ್ತಿಕೊಂಡಿತ್ತು. ಮುಂದಿನ ಮೇಜಿನ ಮೇಲೆ ಧಡ್ ಅಂತ ಇಳಿಸಿದ. ಮೇಜಿನ ಗಾಜು ಬಿರುಕು ಬಿಟ್ಟಿತು.

"ಇದು ನಿಮ್ದು. ತಗೊಳ್ಳಿ. ಇನ್ನು ನಮಗೆ ಬೇಡ."

ಅವನ ಅಮ್ಮ ಹಿಂದಿನ ರಾತ್ರಿ ತೀರಿಕೊಂಡಿದ್ದಳು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಈ ಒಂದು ಸಿಲಿಂಡರ್ ಕೊಟ್ಟಿದ್ದರಂತೆ. ಮುಂದಿನದು ಕಂಪನಿಯಿಂದ ಬರುತ್ತದೆ, ದಿನಾ ಬರುತ್ತದೆ ಅಂದಿದ್ದರಂತೆ. ಮೂರು ದಿನ ಬರಲಿಲ್ಲ. ಪಕ್ಕದ ಬೀದಿಯವರಿಂದ ಒಂದು ಕೈಗಡ ತಂದ, ಅದೂ ಮುಗಿಯಿತು. ಮೂರನೆಯ ರಾತ್ರಿ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೊರಟ. ದಾರಿಯಲ್ಲೇ, ಹನ್ನೊಂದೂವರೆ ದಾಟಿತ್ತು ಅಂದ...

"ಹದಿಮೂರು ಸಲ ಫೋನ್ ಮಾಡಿದೀನಿ. ಹದಿಮೂರು ಸಲಾನೂ ಒಂದೇ ಮಾತು, ಪಟ್ಟೀಲಿ ಹೆಸರಿಲ್ಲ. ಅಯ್ಯೋ ನನ್ನ ಕಣ್ಣೆದುರಿಗೇ ಮಲಗಿದಾಳಪ್ಪ ಅಂದೆ. ಪಟ್ಟೀಲಿ ಇಲ್ಲ ಅಂದ್ರು. ಪಟ್ಟೀಲಿ ಇಲ್ದೇ ಇದ್ರೆ ಮನುಷ್ಯ ಉಸಿರಾಡಲ್ವಾ?"

ಮ್ಯಾನೇಜರ್ ಹೊರಗೆ ಬಂದ. ಆ ಮನುಷ್ಯನ ಬಗ್ಗೆ ಹೇಳಬೇಕು ಅಂದರೆ ನನ್ನ ನಾಲಿಗೆ ಈಗಲೂ ಕಹಿಯಾಗುತ್ತದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಟೈಲರ್‌ನ ಭುಜದ ಮೇಲೆ ಕೈ ಹಾಕಿದ. "ನೋಡಪ್ಪ, ಆಸ್ಪತ್ರೆಯಿಂದ ನಮಗೆ ಹೆಸರೇ ಬಂದಿಲ್ಲ. ಬಂದಿದ್ರೆ ಕಳಿಸ್ದೇ ಇರ್ತಿದ್ವಾ? ತಪ್ಪು ಅಲ್ಲಿ ಕೌಂಟರಿನವರದು. ನಿನಗೆ ಕಾಗದದಲ್ಲಿ ಬರ್ದು ಕೊಡ್ತೀನಿ. ಅದನ್ನ ತಗೊಂಡು ಹೋಗಿ ಅವರನ್ನ ಹಿಡ್ಕೊ."

ಟೈಲರ್ ಕೈ ಕೊಡವಿ ಹೊರಟುಹೋದ. ಸಿಲಿಂಡರ್ ಮೇಜಿನ ಮೇಲೆ ಹಾಗೇ ಉಳಿಯಿತು.

ಕಡ್ಡಿ ತನ್ನ ಜಾಗಕ್ಕೆ ಹೋಗಿ ಕೂತಳು. ಅವಳ ಕೆಲಸ ಏನು ಅಂತ ಇಲ್ಲಿ ಸ್ವಲ್ಪ ಹೇಳಲೇಬೇಕು. ಆಸ್ಪತ್ರೆಗಳಿಂದ ದಿನಾ ಸಂಜೆ ಒಂದು ಫೈಲು ಬರುತ್ತದೆ. ಬರೀ ಅಕ್ಷರ. ಹೆಸರು, ಎರಡು ಚುಕ್ಕಿ, ಇಂಥವರು. ಮನೆ, ಎರಡು ಚುಕ್ಕಿ, ಇಂಥ ಕಡೆ. ಹುಟ್ಟಿದ ದಿನ, ಎಷ್ಟು ಸಿಲಿಂಡರ್, ಯಾವ ಹೊತ್ತಿಗೆ. ನಮಗೆ ಓದಿದರೆ ತಿಳಿಯುತ್ತದೆ, ಕಂಪ್ಯೂಟರಿಗೆ ಅದು ಅಕ್ಷರದ ರಾಶಿ, ಅಷ್ಟೇ. ಆ ರಾಶಿಯನ್ನು ಬಿಡಿಸಿ ಒಬ್ಬೊಬ್ಬ ರೋಗಿಗೂ ಪ್ರೋಗ್ರಾಮಿನೊಳಗೆ ಒಂದೊಂದು ಆಬ್ಜೆಕ್ಟ್ ಮಾಡಬೇಕು. ಖಾನೆಗಳಿರುವ ಪೆಟ್ಟಿಗೆ ಅಂದುಕೊಳ್ಳಿ. ಈ ಖಾನೆಗೆ ಹೆಸರು, ಈ ಖಾನೆಗೆ ಸಂಖ್ಯೆ, ಈ ಖಾನೆಗೆ ತಾರೀಖು. ತಾರೀಖಿನ ಖಾನೆಯಲ್ಲಿ ತಾರೀಖು ಬಿಟ್ಟು ಬೇರೆ ಏನೂ ಹಿಡಿಸುವುದಿಲ್ಲ. ನೀವು ಗುದ್ದಿ ತುರುಕಿದರೂ ಹಿಡಿಸುವುದಿಲ್ಲ. ಪೆಟ್ಟಿಗೆ ಆದವರಿಗೆ ಒಂದು ಹಾಳೆ ಅಚ್ಚಾಗುತ್ತದೆ, ಹಾಳೆ ನೋಡಿ ಡ್ರೈವರ್ ಸಿಲಿಂಡರ್ ಒಯ್ಯುತ್ತಾನೆ. ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ, ಯಾವ ದಿನದ ಫೈಲು, ಎಷ್ಟನೆಯ ದಾಖಲೆ ಅಂತ ಇರುತ್ತದೆ.

ಪೆಟ್ಟಿಗೆ ಆಗದವರಿಗೆ ಏನೂ ಇಲ್ಲ.

ಕಡ್ಡಿ ಮೂರು ದಿನದ ಹಿಂದಿನ ಫೈಲು ತೆರೆದಳು. ಪ್ರೋಗ್ರಾಮಿನ ಮೂಲಕ ಅಲ್ಲ, ಹಾಗೇ ಅಕ್ಷರದಲ್ಲೇ. ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿದಳು. ಇನ್ನೂರ ಹದಿನೆಂಟನೆಯ ದಾಖಲೆ. ಆ ತಾಯಿಯ ಹೆಸರು. ಟೈಲರ್ ಅಂಗಡಿಯ ಹಿಂದಿನ ಮನೆ. ದಿನಕ್ಕೆ ಒಂದು ಸಿಲಿಂಡರ್. ಎಲ್ಲ ಸರಿ ಇತ್ತು. ಹುಟ್ಟಿದ ದಿನ ಅನ್ನುವ ಕಡೆ ಮಾತ್ರ, ತಾರೀಖಿನ ಬದಲು ಒಂದು ಮಾತು ಬರೆದಿದ್ದರು.

ಗೊತ್ತಿಲ್ಲ.

ಆಮೇಲಿನ ಎರಡು ದಿನದ ಫೈಲನ್ನೂ ತೆರೆದಳು, ಅಲ್ಲೂ ಅದೇ ಹೆಸರು, ಅದೇ ಮಾತು.

ಮೇಲೆ ಕೆಳಗೆ ನೋಡಿದಳು. ಮುದುಕರು, ಮುದುಕಿಯರು, ಅರ್ಧಕ್ಕರ್ಧ ಜನ ಹುಟ್ಟಿದ್ದು ಜನವರಿ ಒಂದರಂದು! ಇಷ್ಟು ಜನ ಒಂದೇ ದಿನ ಹೇಗೆ ಹುಟ್ಟುತ್ತಾರೆ? ದಿನ ಗೊತ್ತಿಲ್ಲದಿದ್ದರೆ ಕೌಂಟರಿನಲ್ಲಿ ಕೂತವರು ಜನವರಿ ಒಂದು ಅಂತ ಹಾಕಿ ಮುಂದಕ್ಕೆ ತಳ್ಳುತ್ತಾರೆ, ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಸುಳ್ಳು ತಾರೀಖುಗಳೆಲ್ಲ ಖಾನೆಯಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ನಿಜ ಬರೆಸಿದ ಆ ತಾಯಿಯೊಬ್ಬಳೇ ಹೊರಗೆ ಬಿದ್ದಿದ್ದಳು. ಸುಳ್ಳು ಹೇಳಿದವರಿಗೆಲ್ಲ ಉಸಿರು ಸಿಕ್ಕಿತು ನೋಡಿ.

ಹೊರಗೆ ಬೀಳಿಸಿದ್ದು ಯಾರು? ಕಡ್ಡಿಯೇ. ಇದನ್ನು ಅವಳು ಮುಚ್ಚಿಟ್ಟಿಲ್ಲ, ನಾನೂ ಮುಚ್ಚಿಡುವುದಿಲ್ಲ. ಎರಡು ತಿಂಗಳ ಹಿಂದಿನವರೆಗೆ ಒಂದು ದಾಖಲೆ ಕೆಟ್ಟರೂ ಪ್ರೋಗ್ರಾಮು ಅಲ್ಲೇ ನಿಂತು ಕೂಗಿಕೊಳ್ಳುತ್ತಿತ್ತು. ಒಂದು ಸಂಜೆ ಹಾಗೆ ನಿಂತು, ಡ್ರೈವರುಗಳೆಲ್ಲ ಎರಡು ಗಂಟೆ ಕಾದರು. ಮ್ಯಾನೇಜರ್ ಬಂದು ಅವಳ ಕುರ್ಚಿಯ ಹಿಂದೆ ನಿಂತ.

"ಅರ್ಥ ಆಗ್ದೇ ಇರೋದನ್ನ ಬಿಟ್ಟು ಮುಂದಕ್ಕೆ ಹೋಗೋ ಹಾಗೆ ಮಾಡಮ್ಮ."

"ಬಿಟ್ಟಿದ್ದು ಯಾರ್ನ ಅಂತ ಒಂದು ಕಡೆ ಬರ್ದಾದ್ರೂ ಇಡ್ಬೇಕು ಸರ್."

"ಅದೆಲ್ಲ ಆಮೇಲೆ ನೋಡೋಣ. ಈಗ ಗಾಡಿ ಹೊರಡ್ಲಿ."

ಮೂರು ಸಾಲು ಬರೆದಳು. ಕೆಟ್ಟ ದಾಖಲೆ ಬಂದರೆ ಬಿಡು, ಸದ್ದು ಮಾಡಬೇಡ, ಮುಂದೆ ಹೋಗು. ಗಾಡಿ ಹೊರಟವು. ಎಲ್ಲರಿಗೂ ಸಂತೋಷ. ಆಮೇಲೆ ಅನ್ನುವುದು ಬರಲೇ ಇಲ್ಲ. ಎರಡು ತಿಂಗಳಲ್ಲಿ ಎಷ್ಟು ಜನರನ್ನು ಹಾಗೆ ಬಿಟ್ಟಿದೆಯೋ, ಲೆಕ್ಕ ಇಡುವುದಕ್ಕೆ ಒಂದು ಗೀಟನ್ನೂ ಅವಳು ಎಳೆದಿರಲಿಲ್ಲ. ಕೂತಲ್ಲೇ ಅವಳ ಮೈಯೆಲ್ಲ ಉರಿಯಿತು. ಮೊದಲು ತನ್ನ ಮೇಲೆ, ಆಮೇಲೆ ಆ ಬಾಗಿಲ ಹಿಂದೆ ಕೂತವನ ಮೇಲೆ.

ಬಾಗಿಲು ತಟ್ಟದೆ ಒಳಗೆ ನುಗ್ಗಿದಳು.

"ಹೆಸರು ಬಂದಿತ್ತು ಸರ್. ಮೂರು ದಿನಾನೂ ಬಂದಿತ್ತು. ಬಿಟ್ಟಿದ್ದು ನಾವು."

ಮ್ಯಾನೇಜರ್ ಎದ್ದು ಬಾಗಿಲು ಹಾಕಿದ. "ಮೆತ್ತಗೆ ಮಾತಾಡು."

"ಯಾಕೆ ಮೆತ್ತಗೆ? ಒಂದು ಜೀವ ಹೋಗಿದೆ."

"ಹೋದದ್ದು ಹೋಯ್ತು. ಈಗ ನೀನು ಒಂದು ಕಾಗದಕ್ಕೆ ಸಹಿ ಹಾಕ್ತೀಯ. ನಮಗೆ ಬಂದ ಫೈಲಿನಲ್ಲಿ ಆ ಹೆಸರು ಇರಲಿಲ್ಲ ಅಂತ. ಪ್ರೋಗ್ರಾಮು ನಿಂದು, ಸಹಿ ನಿಂದೇ ಆಗ್ಬೇಕು. ನಾಳೆ ಬೆಳಿಗ್ಗೆ ಟೇಬಲ್ ಮೇಲಿರ್ಲಿ."

"ಫೈಲು ಇದೆಯಲ್ಲ ಸರ್. ಇನ್ನೂರ ಹದಿನೆಂಟು. ಕಣ್ಣಾರೆ ನೋಡಿದೀನಿ."

ಅವನು ಮುಗುಳ್ನಕ್ಕ. ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡ. ಟಿಕ್... ಟಿಕ್... ಟಿಕ್. ಮೂರು ಸಲ.

"ಎಲ್ಲಿದೆ ಫೈಲು?" ಅಂದ.

ಅವಳು ಓಡಿ ಬಂದು ನೋಡಿದಳು. ಮೂರು ದಿನದ ಫೈಲೂ ಇಲ್ಲ, ಅವುಗಳ ನಕಲೂ ಇಲ್ಲ. ಆಸ್ಪತ್ರೆಗೆ ಫೋನ್ ಮಾಡಿದಳು. ತೀರಿಕೊಂಡವರ ಹೆಸರು ಬೆಳಿಗ್ಗೆಯೇ ತೆಗೆದೆವು, ಹಳೆಯ ಫೈಲು ನಾವು ಇಟ್ಟುಕೊಳ್ಳುವುದಿಲ್ಲ ಅಂದರು. ಅಂದರೆ ಅವಳು ನೋಡಿದ ಆ ಇನ್ನೂರ ಹದಿನೆಂಟು ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಸಹಿ ಹಾಕಿದರೆ, ಕೇಳಿದ್ದನ್ನು ಹಾಗೇ ಬರೆದುಕೊಂಡ ಆಸ್ಪತ್ರೆ ಕೌಂಟರಿನ ಹುಡುಗಿಯ ತಲೆಗೆ ಇದೆಲ್ಲ ಸುತ್ತಿಕೊಳ್ಳುತ್ತದೆ. ಹಾಕದಿದ್ದರೆ ಕಡ್ಡಿಯ ಮಾತಿಗೆ ಸಾಕ್ಷಿ ಇಲ್ಲ, ಮ್ಯಾನೇಜರ್ ಬೇರೆ ಯಾರದ್ದಾದರೂ ಸಹಿ ಹಾಕಿಸುತ್ತಾನೆ. ಟೈಲರ್ ಮಾತ್ರ ಸಾಯುವ ತನಕ, ಅಮ್ಮನ ಹೆಸರನ್ನು ಯಾರೂ ಕಳಿಸಲೇ ಇಲ್ಲ ಅಂದುಕೊಂಡಿರುತ್ತಾನೆ.

ಸಂಜೆಯ ಫೈಲು ಬಂತು. ಮುನ್ನೂರ ನಲವತ್ತೊಂದು ದಾಖಲೆ. ಆವತ್ತು ಮೊದಲ ಸಲ ಕಡ್ಡಿ ಎಣಿಸಿದಳು. ಆದ ಪೆಟ್ಟಿಗೆ ಮುನ್ನೂರ ಮೂವತ್ತೊಂಬತ್ತು. ಇಬ್ಬರು ಇಲ್ಲ. ಸಾಲು ಸಾಲಾಗಿ ಹುಡುಕಿ ಹಿಡಿದಳು. ಒಬ್ಬರ ತೂಕದ ಕಡೆ ಸುಮಾರು ಐವತ್ತು ಅಂತ ಇತ್ತು. ಇನ್ನೊಬ್ಬ ಅಜ್ಜನ ಹುಟ್ಟಿದ ದಿನ, ದೊಡ್ಡ ಗಾಳಿ ಬಂದ ವರ್ಷ. ಹಲ್ಲು ಕಚ್ಚಿಕೊಂಡು ಇಬ್ಬರ ಹಾಳೆಯನ್ನೂ ಕೈಯಲ್ಲೇ ಬರೆದಳು, ಅಕ್ಷರ ಕಾಗದ ಹರಿಯುವಷ್ಟು ಒತ್ತಿ. ರಾತ್ರಿ ಪಾಳಿಯ ಡ್ರೈವರ್ ಬಂದ. ಕೂದಲು ನೆರೆತವನು, ಎಲ್ಲರಿಗೂ ಅಣ್ಣ.

"ಅಣ್ಣ, ಇವೆರಡು ಮೊದ್ಲು ಹೋಗ್ಬೇಕು. ಬಾಗಿಲು ತೆಗೀದಿದ್ರೆ ಒಡೆದು ಒಳಗೆ ಹೋಗಿ."

"ಆಯ್ತು ಕಣಮ್ಮ," ಅಂದ. ಎರಡು ಹಾಳೆಯನ್ನೂ ಮೇಲಿನ ಜೇಬಿಗೆ ಇಟ್ಟುಕೊಂಡ.

ಉಳಿದ ಹಾಳೆ ಅಚ್ಚಾಗತೊಡಗಿದವು. ಹತ್ತೂವರೆ ಆಗಿತ್ತು. ಉಳಿದವರೆಲ್ಲ ಹೋಗಿದ್ದರು, ಮ್ಯಾನೇಜರ್ ಮಾತ್ರ ತನ್ನ ಕೋಣೆಯಲ್ಲಿದ್ದ. ಪ್ರಿಂಟರು ಸರ್ರ್... ಟಕ್. ಸರ್ರ್... ಟಕ್. ಡ್ರೈವರ್ ಬಾಗಿಲಲ್ಲಿ ನಿಂತು ಒಂದೊಂದೇ ಹಾಳೆ ಎಣಿಸಿ ಜೋಡಿಸುತ್ತಿದ್ದ. ಮುನ್ನೂರ ಮೂವತ್ತೇಳು. ಮೂವತ್ತೆಂಟು. ಮೂವತ್ತೊಂಬತ್ತು. ಪ್ರಿಂಟರು ನಿಂತಿತು. ಹಸಿರು ದೀಪ ಆರಿತು.

ಆಗ ಕೇಳಿಸಿತು.

ಗುಳುಗುಳು... ಗುಳುಗುಳು... ಗುಳು.

ಕಡ್ಡಿ ಡ್ರೈವರ್‌ನ ಮುಖ ನೋಡಿದಳು. ಅವನು ಅವಳ ಮುಖ ನೋಡಲಿಲ್ಲ. ಅವನು ಮುಂದಿನ ಮೇಜಿನ ಕಡೆ ನೋಡುತ್ತಿದ್ದ. ಬಿರುಕುಬಿಟ್ಟ ಗಾಜಿನ ಮೇಲೆ ಬೆಳಗಿನಿಂದ ಬಿದ್ದಿದ್ದ ಖಾಲಿ ಸಿಲಿಂಡರ್. ಗಾಳಿ ಎಷ್ಟಿದೆ ಅಂತ ತೋರಿಸುವ ಗೇಜಿನ ಮುಳ್ಳು ಸೊನ್ನೆಯ ಮೇಲೆ. ತಿರುಪು ಬಿಗಿದಿತ್ತು. ನಳಿಗೆಯ ತುದಿ ಗಾಳಿಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಬಾಟಲಿಯಲ್ಲಿದ್ದ ಎರಡು ಬೆರಳು ನೀರು... ಕುದಿಯುವ ಹಾಗೆ ಗುಳ್ಳೆ ಏಳುತ್ತಿತ್ತು.

"ಖಾಲಿ ಅಲ್ವೇನಮ್ಮ ಇದು?" ಪಿಸುಗುಟ್ಟಿದ.

"ಖಾಲಿ," ಅಂದಳು.

"ಮತ್ತೆ ಯಾರು ಎಳೀತಿದಾರೆ?"

ನಳಿಗೆಯ ತುದಿಯಿಂದ ಸದ್ದು ಬಂತು. ಮಾತಲ್ಲ. ಉಸಿರು. ಒಳಗೆ ಹೋಗುವ ಉಸಿರು, ಹೊರಗೆ ಬರುವುದೇ ಇಲ್ಲ. ಸ್ಸ್ಸ್... ಸ್ಸ್ಸ್... ಒಂದೊಂದು ಸಲಕ್ಕೂ ಇನ್ನಷ್ಟು ಜೋರು. ಅದರಲ್ಲಿ ಅಳು ಇರಲಿಲ್ಲ ಅನ್ನುತ್ತಾಳೆ ಕಡ್ಡಿ. ಬೇಡುವುದೂ ಇರಲಿಲ್ಲ. ಸಿಟ್ಟು ಇತ್ತು. ಮೂರು ದಿನ ಕಾದವರ ಸಿಟ್ಟು. ಅದನ್ನು ಕೇಳಿ ಅವಳಿಗೆ ಓಡಬೇಕು ಅನಿಸಲಿಲ್ಲವಂತೆ, ನನ್ನದೂ ಇದೇ ಸಿಟ್ಟು ಅನಿಸಿತಂತೆ.

ಮ್ಯಾನೇಜರ್‌ನ ಬಾಗಿಲು ತೆರೆಯಿತು. "ಏನದು ಸದ್ದು? ನಲ್ಲಿ ಯಾರು ಬಿಟ್ಟಿದ್ದು?"

ಪ್ರಿಂಟರಿನ ಹಸಿರು ದೀಪ ಹತ್ತಿತು. ಸರ್ರ್...

ಟಕ್.

ಒಂದೇ ಒಂದು ಹಾಳೆ. ಮುನ್ನೂರ ನಲವತ್ತನೆಯದು. ಮ್ಯಾನೇಜರ್‌ನ ಕಾಲ ಬಳಿ ಹೋಗಿ ಬಿತ್ತು. ಅವನು ಬಗ್ಗಿ ಎತ್ತಿಕೊಂಡು ಓದಿದ. ಓದಿದವನ ಬಾಯಿ ತೆರೆದದ್ದು ತೆರೆದೇ ಇತ್ತು. ಕಡ್ಡಿ ಅವನ ಕೈಯಿಂದ ಹಾಳೆ ಕಸಿದುಕೊಂಡಳು.

ಆ ತಾಯಿಯ ಹೆಸರು. ಟೈಲರ್ ಅಂಗಡಿಯ ಹಿಂದಿನ ಮನೆ. ದಿನಕ್ಕೆ ಒಂದು. ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ದಿನದ ಹಿಂದಿನ ತಾರೀಖು, ದಾಖಲೆ ಇನ್ನೂರ ಹದಿನೆಂಟು. ಅಳಿಸಿಹಾಕಿದ ಫೈಲಿನದು. ಓದುವುದಕ್ಕೆ ಅಕ್ಷರವೇ ಇಲ್ಲ, ಪೆಟ್ಟಿಗೆ ಮಾತ್ರ ತಾನಾಗಿ ಎದ್ದು ಬಂದಿತ್ತು.

ಇನ್ನೊಂದು ಇತ್ತು. ಕಡ್ಡಿ ದೆವ್ವಕ್ಕೆ ಹೆದರಲಿಲ್ಲ, ಇದಕ್ಕೆ ಹೆದರಿದಳು. ಆ ತಾರೀಖಿನ ಖಾನೆ, ತಾರೀಖು ಬಿಟ್ಟು ಏನೂ ಹಿಡಿಸದ ಖಾನೆ, ಅವಳೇ ಕೈಯಾರೆ ಬರೆದದ್ದು. ಅದರಲ್ಲಿ ಅಚ್ಚಾಗಿತ್ತು.

ಹುಟ್ಟಿದ ದಿನ: ಗೊತ್ತಿಲ್ಲ.

"ಕೊಡು ಇಲ್ಲಿ," ಅಂದ ಮ್ಯಾನೇಜರ್. ದನಿಯಲ್ಲಿ ಬೆಣ್ಣೆ ಇರಲಿಲ್ಲ. "ಆ ಹಾಳೆ ಕೊಡು."

"ಕೊಡಲ್ಲ."

"ಹರಿದು ಹಾಕ್ತೀಯೋ ಇಲ್ವೋ?"

"ನೀವು ಅಳಿಸಿದ್ರಲ್ಲ ಸರ್, ಏನಾಯ್ತು?" ಅಂದಳು ಕಡ್ಡಿ. "ಇದನ್ನ ಹರಿದ್ರೆ ಇನ್ನೊಂದು ಬರತ್ತೆ. ಕೂತ್ಕೊಂಡು ಹರೀತಾ ಇರಿ."

ಅವನು ಮುಂದೆ ಬಂದ. ಡ್ರೈವರ್ ಮಧ್ಯದಲ್ಲಿ ನಿಂತ. ಅವನ ಹಿಂದೆ ಬಾಟಲಿ ಇನ್ನೂ ಗುಳುಗುಳು ಅನ್ನುತ್ತಲೇ ಇತ್ತು. ಮ್ಯಾನೇಜರ್ ಆ ಬಾಟಲಿಯನ್ನು ನೋಡಿದ, ಮುಳ್ಳನ್ನು ನೋಡಿದ, ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಬೆಳಿಗ್ಗೆ ಕಸ ಗುಡಿಸುವವರು ಬಂದು ಕರೆಯುವ ತನಕ ತೆಗೆಯಲಿಲ್ಲವಂತೆ. ನನಗೆ ಅವನ ಮೇಲೆ ಒಂದು ಚೂರೂ ಕನಿಕರ ಇಲ್ಲ.

ಕಡ್ಡಿ ಹಾಳೆಯನ್ನು ಮಡಚಿ ಒಳಗೆ ಇಟ್ಟುಕೊಂಡು ಮನೆಗೆ ಬಂದಳು. ಬಾವಿಯ ಹತ್ತಿರ ನಿಂತಳು. ಬೇಕೆಂದೇ ನಿಂತಳು. ಬಾವಿಯಲ್ಲಿ ಸದ್ದಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಟೈಲರ್ ಅಂಗಡಿಗೆ ಹೋದಳು. ಅರ್ಧ ಬಾಗಿಲು ತೆರೆದಿತ್ತು. ಮಷೀನಿನ ಮುಂದೆ ಸುಮ್ಮನೆ ಕೂತಿದ್ದ, ಹೊಲಿಯುತ್ತಿರಲಿಲ್ಲ. ಕಡ್ಡಿ ಹಾಳೆಯನ್ನು ಮಷೀನಿನ ಹಲಗೆಯ ಮೇಲೆ ಇಟ್ಟಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುವುದಿಲ್ಲ.

"ನಿಮ್ಮಮ್ಮನ ಹೆಸರು ಬಂದಿತ್ತಣ್ಣ. ಮೂರು ದಿನಾನೂ ಬಂದಿತ್ತು. ಕೌಂಟರಿನವರ ತಪ್ಪಲ್ಲ. ಬಿಟ್ಟಿದ್ದು ನಮ್ಮ ಪ್ರೋಗ್ರಾಮು. ಅದನ್ನ ಬರ್ದಿದ್ದು ನಾನು."

ಅವನ ಬೆರಳು ಹಾಳೆಯ ಮೇಲೆ ಇಳಿದು ಹುಟ್ಟಿದ ದಿನದ ಸಾಲಿಗೆ ಬಂದು ನಿಂತಿತು.

"ಕೌಂಟರಿನಲ್ಲಿ ನಾನು ಪಕ್ಕದಲ್ಲೇ ಇದ್ದೆ," ಅಂದ. "ಹುಟ್ಟಿದ ದಿನ ಯಾವ್ದು ಅಂತ ಕೇಳಿದ್ರು. ಏನೋ ಒಂದು ಹೇಳಮ್ಮ, ಹಿಂದೆ ಜನ ನಿಂತಿದಾರೆ ಅಂದೆ. ಕೇಳ್ಲಿಲ್ಲ. ಆ ಹುಡುಗೀಗೂ ಹಾಗೇ ಬರಿ ಅಂದ್ಲು. ನನಗೆ ಏನಂದ್ಲು ಗೊತ್ತಾ? ನನಗೇ ಗೊತ್ತಿಲ್ವಲ್ಲ ಮಗಾ, ಗೊತ್ತಿಲ್ಲದ್ದನ್ನ ಹೇಗೆ ಹೇಳ್ಲಿ ಅಂದ್ಲು."

ಬಾವಿಯೊಳಗಿಂದ ಬಂದದ್ದೂ ಅದೇ ಮಾತು. ಕಡ್ಡಿ ಮಷೀನನ್ನು ಹಿಡಿದುಕೊಂಡಳು.

"ನೀನು ಬಂದು ಹೇಳ್ದೆ," ಅಂದ ಟೈಲರ್. "ಒಳ್ಳೇದು. ಆದ್ರೆ ಕ್ಷಮಿಸು ಅಂತ ಕೇಳ್ಬೇಡ. ಕೇಳಿದ್ರೆ ಈ ಕತ್ತರಿ ಎತ್ಕೋತೀನಿ."

"ಕೇಳಲ್ಲ," ಅಂದಳು.

ಆಮೇಲೆ ಏನಾಯಿತು ಅಂತ ಕೇಳುತ್ತೀರಿ. ಟೈಲರ್ ಆ ಹಾಳೆ ಹಿಡಿದು ಎಲ್ಲೆಲ್ಲಿ ಹೋಗಬೇಕೋ ಅಲ್ಲೆಲ್ಲ ಹೋದ, ಕಡ್ಡಿಯೂ ಜೊತೆಗೆ ಹೋಗಿ ತಾನೇ ಬಾಯಿಬಿಟ್ಟು ಹೇಳಿದಳು. ಕೌಂಟರಿನ ಹುಡುಗಿಯ ಕೆಲಸ ಉಳಿಯಿತು. ಮ್ಯಾನೇಜರ್‌ನನ್ನು ಜೈಲಿಗೆ ಹಾಕಿದರು ಅಂತ ಹೇಳಿದರೆ ನಿಮಗೆ ನಿದ್ದೆ ಚೆನ್ನಾಗಿ ಬರುತ್ತದೆ. ಹಾಕಲಿಲ್ಲ. ಬೇರೆ ಆಫೀಸಿಗೆ ಕಳಿಸಿದರು, ಅಲ್ಲಿ ಇನ್ನೂ ದೊಡ್ಡ ಕೋಣೆಯಂತೆ. ದೆವ್ವ ಅಂತ ಇರುವುದಾದರೆ ಅಂಥವರ ಕುತ್ತಿಗೆಗೆ ಯಾಕೆ ಕೈ ಹಾಕುವುದಿಲ್ಲವೋ, ನನಗೆ ತಿಳಿಯದು.

ಕಡ್ಡಿ ಆ ಮೂರು ಸಾಲು ಅಳಿಸಿದಳು. ಈಗ ಗೊತ್ತಿಲ್ಲ ಅಂದರೂ ಖಾನೆ ಹಿಡಿಸಿಕೊಳ್ಳುತ್ತದೆ, ಸುಮಾರು ಅಂದರೂ ಹಿಡಿಸಿಕೊಳ್ಳುತ್ತದೆ. ಯಾರನ್ನೂ ಬಿಡುವುದಿಲ್ಲ. ದಿನಾ ರಾತ್ರಿ ಕೊನೆಯಲ್ಲಿ ಅವಳೇ ಎಣಿಸುತ್ತಾಳೆ, ಬಂದ ದಾಖಲೆ ಎಷ್ಟು, ಆದ ಪೆಟ್ಟಿಗೆ ಎಷ್ಟು. ಎರಡೂ ಒಂದೇ ಆಗಬೇಕು.

ಒಂದು ಹೆಚ್ಚು ಬರುತ್ತದೆ.

ಪ್ರೋಗ್ರಾಮು ಪೂರ್ತಿ ಹೊಸದಾಗಿ ಬರೆದಳು. ಪ್ರಿಂಟರು ಬದಲಾಯಿಸಿದರು. ಆಯಾಸ, ನಿದ್ದೆ ಇಲ್ಲ, ಭ್ರಮೆ ಅಂತ ದೊಡ್ಡ ದೊಡ್ಡವರು ಹೇಳಿದರು. ಭ್ರಮೆಗೆ ಹಾಳೆ ಅಚ್ಚಾಗುತ್ತದೆಯೇನ್ರೀ? ದಿನಾ ಕೊನೆಯಲ್ಲಿ, ಎಲ್ಲ ಮುಗಿದು ದೀಪ ಆರಿದ ಮೇಲೆ, ಸರ್ರ್... ಟಕ್. ಅದೇ ಹೆಸರು, ಅದೇ ಮನೆ. ಇನ್ನೂರ ಹದಿನೆಂಟು.

ಮೊದಲ ವಾರ ಕಡ್ಡಿ ಆ ಹಾಳೆಯನ್ನು ಪಕ್ಕಕ್ಕೆ ಎತ್ತಿಡುತ್ತಿದ್ದಳು. ಡ್ರೈವರ್ ಬಿಡಲಿಲ್ಲ. "ಹಾಳೆ ಬಂದ ಮೇಲೆ ಗಾಡಿಗೆ ಹಾಕ್ಲೇಬೇಕಮ್ಮ. ಬಿಟ್ಟು ಮುಂದೆ ಹೋಗೋದು ಒಂದ್ಸಲ ಆಯ್ತಲ್ಲ, ಸಾಲ್ದಾ?" ಅಂದ. ಅವತ್ತಿನಿಂದ ದಿನಾ ಒಂದು ತುಂಬಿದ ಸಿಲಿಂಡರ್ ಹೆಚ್ಚಿಗೆ ಗಾಡಿಗೆ ಹಾಕುತ್ತಾನೆ. ಅದನ್ನು ಎಲ್ಲೂ ಇಳಿಸುವುದಿಲ್ಲ. ರಾತ್ರಿಯೆಲ್ಲ ಗಾಡಿಯಲ್ಲೇ ಸುತ್ತಿ ಬೆಳಿಗ್ಗೆ ವಾಪಸ್ ಬರುತ್ತದೆ.

ನಂಬದವರು ಇದ್ದಾರೆ ಅಂತ ಗೊತ್ತಿದ್ದೇ, ಹೋದ ವಾರ ನಾನೇ ಬೆಳಿಗ್ಗೆ ಐದಕ್ಕೆ ಎದ್ದು ಹೋದೆ. ಗಾಡಿಯ ಹಿಂದಿನ ಬಾಗಿಲು ನಾನೇ ತೆಗೆದೆ. ಸಿಲಿಂಡರನ್ನು ಈ ಎರಡು ಕೈಯಲ್ಲಿ ಇಳಿಸಿದೆ. ಮೂತಿಯ ಪ್ಲಾಸ್ಟಿಕ್ ಸೀಲು ಹಾಗೇ ಇತ್ತು, ಒಂದು ಗೀರೂ ಇಲ್ಲ. ಗೇಜಿನ ಮುಳ್ಳು ಸೊನ್ನೆಯ ಮೇಲಿತ್ತು.